ಶೆಡ್ಡು ಎದ್ದಿತು, ಹಡಗು ಎಲ್ಲಿ ಸ್ವಾಮಿ?



‘ಕಾರವಾರ’ ಎಂಬ ಹೆಸರಿನ ಯುದ್ಧನೌಕೆಯೊಂದು ನಮ್ಮ ನೌಕಾಪಡೆಯಲ್ಲಿತ್ತು. ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಐಎನ್‌ಎಸ್ ಕಾರವಾರ. 1986ರಲ್ಲಿ ಸೇವೆಗೆ ಸೇರಿದ ಹಡಗು. ಮೂವತ್ತು ವರ್ಷ ಕಡಲು ಗುಡಿಸಿತು. 2017ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಬಾವುಟ ಇಳಿಸಿ ಅದನ್ನು ಮನೆಗೆ ಕಳಿಸಿದರು. ಜೊತೆಗೆ ಅದರ ಜೋಡಿ ‘ಕಾಕಿನಾಡ’ವೂ ಹೋಯಿತು. ಮರುವರ್ಷ ಇನ್ನೆರಡು ಹೋದವು. 2019ರ ಏಪ್ರಿಲ್‌ನಲ್ಲಿ ಕೊನೆಯದಾಗಿ ‘ಕೋಝಿಕ್ಕೋಡ್’ ಹೋಯಿತು. ಅಲ್ಲಿಗೆ ಆ ಜಾತಿಯ ಹಡಗೇ ನಮ್ಮಲ್ಲಿ ಮುಗಿಯಿತು!

ಯಾವ ಜಾತಿ? ಮೈನ್‌ಸ್ವೀಪರ್. ಶತ್ರು ನೀರಿನೊಳಗೆ ಹುದುಗಿಸಿಟ್ಟ ಬಾಂಬುಗಳನ್ನು ಹುಡುಕಿ ತೆಗೆದು, ಬೇರೆ ಹಡಗುಗಳಿಗೆ ದಾರಿ ಮಾಡಿಕೊಡುವ ಹಡಗು. ಇಷ್ಟು ಉದ್ದದ ಕರಾವಳಿ ಇರುವ ದೇಶದಲ್ಲಿ ಅದು ಒಂದೂ ಉಳಿಯಲಿಲ್ಲ. ಹಳೆಯವು ಮುದಿಯಾಗುತ್ತಿವೆ ಎಂದು ದಿಲ್ಲಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೊಸದು ಕಟ್ಟಲು ಗೋವಾದ ಹಡಗುಕಟ್ಟೆಯಲ್ಲಿ ನೂರಾರು ಕೋಟಿ ಸುರಿದು ಆಧುನಿಕ ಸೌಲಭ್ಯ ಮಾಡಹೊರಟರು. ಪ್ರಧಾನಿಯವರೇ ಬಂದು ಫಲಕದ ಪರದೆ ಸರಿಸಿದರು. ಎಲ್ಲವೂ ಆಯಿತು, ಹಡಗೊಂದನ್ನು ಬಿಟ್ಟು!

ನಾನು ಹುಬ್ಬಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮೆಷಿನ್ ಮುಂದೆ ನಿಂತವನು. ನನಗೇಕೆ ಯುದ್ಧನೌಕೆಯ ಉಸಾಬರಿ ಎಂದು ಕೇಳುತ್ತೀರಿ. ಕೇಳಿ, ಹೇಳುತ್ತೇನೆ. ಮೊದಲು ನನ್ನ ಕಥೆ, ಆಮೇಲೆ ಗೋವಾದ್ದು. ಎರಡೂ ಒಂದೇ ಕಥೆ.

ಹದಿನೈದು ವರ್ಷದ ಹಿಂದೆ ಒಂದು ಕಚೇರಿಯ ಸಾಹೇಬರು ನನ್ನನ್ನು ಕರೆಸಿ, “ವರ್ಷವಿಡೀ ಫಾರಂ, ರಿಜಿಸ್ಟರ್ ಎಲ್ಲಾ ನಿಮಗೇ ಕೊಡ್ತೀವಿ, ಆದರೆ ನಿಮ್ಮ ಹಳೇ ಮೆಷಿನ್ನಿಗೆ ಇದು ಆಗೋದಿಲ್ಲ, ಹೊಸ ಆಫ್‌ಸೆಟ್ ಹಾಕ್ರಿ” ಎಂದರು. ನಾನು ಹುಚ್ಚ, ನಂಬಿದೆ. ಬ್ಯಾಂಕಿನಲ್ಲಿ ಸಾಲ ತೆಗೆದೆ. ಮೆಷಿನ್ ಭಾರ ತಡೆಯಲೆಂದು ನೆಲ ಅಗೆಸಿ ಕಾಂಕ್ರೀಟ್ ಹಾಕಿಸಿದೆ, ತ್ರೀ ಫೇಸ್ ಲೈನ್ ಎಳೆಸಿದೆ. ಪೂಜೆಗೆ ಸಾಹೇಬರೇ ಬಂದು ತೆಂಗಿನಕಾಯಿ ಒಡೆದರು. ಆರ್ಡರ್ ಕಾಗದ ಮಾತ್ರ ಬರಲಿಲ್ಲ. ಬರುತ್ತೆ, ಬರುತ್ತೆ ಎಂದರು. ಕೊನೆಗೆ ಸಾಹೇಬರಿಗೆ ವರ್ಗವಾಯಿತು, ಹೊಸಬರು ಟೆಂಡರ್ ರದ್ದು ಮಾಡಿದರು. ಹದಿನಾಲ್ಕು ತಿಂಗಳು ಆ ಮೆಷಿನ್ ಪ್ಲಾಸ್ಟಿಕ್ ಹೊದ್ದು ಕೂತಿತು. ಓಡದ ಮೆಷಿನ್ನಿನ ರಬ್ಬರ್ ರೋಲರ್ ಕಲ್ಲಾಗುತ್ತದೆ ಎಂದು ಆಗ ಕಲಿತೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಆರು ತಿಂಗಳು ತರಬೇತಿ ಕೊಡಿಸಿದ್ದ ಮೆಷಿನ್‌ಮನ್, ಕೆಲಸವಿಲ್ಲದೆ ಕೂತು ಬೇಸತ್ತು, ಬೆಳಗಾವಿಯ ಪ್ರೆಸ್ಸೊಂದಕ್ಕೆ ಹೋಗಿಬಿಟ್ಟ. ರೋಲರ್ ದುಡ್ಡು ಕೊಟ್ಟರೆ ಹೊಸದು ಬರುತ್ತದೆ. ಅವನ ಕೈ ಎಲ್ಲಿಂದ ತರಲಿ? ಸಾಲ ತೀರಿಸಲು ಮನೆ ಕಟ್ಟಲೆಂದು ಇಟ್ಟಿದ್ದ ಸೈಟು ಮಾರಿದೆ.

ಇನ್ನು ಗೋವಾದ ಕಥೆ ಕೇಳಿ.

ವಾಸ್ಕೋದಲ್ಲಿರುವ ಗೋವಾ ಶಿಪ್‌ಯಾರ್ಡ್ ಇಂದು ನಿನ್ನೆಯದಲ್ಲ. 1957ರಲ್ಲಿ ಪೋರ್ಚುಗೀಸರು ಹಾಕಿದ ಕಟ್ಟೆ. ಗೋವಾ ವಿಮೋಚನೆಯಾದ ಮೇಲೆ ಮುಂಬೈಯ ಮಜಗಾಂವ್ ಡಾಕ್ ನೋಡಿಕೊಂಡಿತು, 1967ರಲ್ಲಿ ಈಗಿನ ಹೆಸರು ಬಂತು. ನೌಕಾಪಡೆಗೂ ಕೋಸ್ಟ್ ಗಾರ್ಡ್‌ಗೂ ಗಸ್ತು ಹಡಗು ಕಟ್ಟಿ ಒಳ್ಳೆಯ ಹೆಸರು ಮಾಡಿದ ಸಂಸ್ಥೆ. ಅಲ್ಲಿನ ಕೆಲಸಗಾರರ ಮೇಲೆ ನನ್ನದೊಂದು ಮಾತೂ ಇಲ್ಲ. ನನ್ನ ಸಿಟ್ಟು ಅವರನ್ನು ಕಾಯಿಸಿದವರ ಮೇಲೆ.

2008ರಲ್ಲಿ ಟೆಂಡರ್ ಕರೆದರು. ಎಂಟು ಮೈನ್‌ಸ್ವೀಪರ್, ಎರಡು ಹೊರದೇಶದಲ್ಲಿ, ಆರು ಗೋವಾದಲ್ಲಿ ಎಂಬ ಲೆಕ್ಕ. ದಕ್ಷಿಣ ಕೊರಿಯಾದ ಕಾಂಗ್ನಾಮ್ ಕಂಪನಿ ಆಯ್ಕೆಯಾಯಿತು. ಮಧ್ಯವರ್ತಿಗಳ ಕೈವಾಡದ ಆರೋಪ ಬಂತು. ಫೈಲು ವರ್ಷಗಟ್ಟಲೆ ಮಲಗಿತು, 2014ರಲ್ಲಿ ಟೆಂಡರ್ ರದ್ದು! ಆಮೇಲೆ, ಹನ್ನೆರಡೂ ಇಲ್ಲೇ ಕಟ್ಟುತ್ತೇವೆ, ‘ಮೇಕ್ ಇನ್ ಇಂಡಿಯಾ’ ಎಂದು ಎರಡನೇ ಸುತ್ತು. ಸುಮಾರು 32,000 ಕೋಟಿ ರೂಪಾಯಿಯ ಕೆಲಸ, ಅದೇ ಕೊರಿಯಾ ಕಂಪನಿಯ ಜೊತೆ ಮಾತು. ಕರಾರಿಗೆ ಸಹಿ ಬೀಳುವ ಮೊದಲೇ, 2016ರ ನವೆಂಬರ್ 13ರಂದು, ನೋಟು ರದ್ದಾಗಿ ನಾವೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತಿದ್ದ ಆ ವಾರದಲ್ಲೇ, ಪ್ರಧಾನಿ ಮೋದಿಯವರು ಗೋವಾದಲ್ಲಿ ಈ ಹಡಗುಗಳಿಗಾಗಿ ಶಿಪ್‌ಯಾರ್ಡಿನ ಸಾಮರ್ಥ್ಯ ಹೆಚ್ಚಿಸುವ ಯೋಜನೆಯ ಫಲಕ ಅನಾವರಣ ಮಾಡಿದರು. ತಂತ್ರಜ್ಞಾನ ಎಷ್ಟು ಕೊಡಬೇಕು, ಬೆಲೆ ಎಷ್ಟು ಎಂಬಲ್ಲಿ ಮಾತು ಮುರಿಯಿತು. 2018ರ ಜನವರಿಯಲ್ಲಿ ಎರಡನೇ ಸಲವೂ ರದ್ದು!

ಫಲಕಕ್ಕೂ ರದ್ದತಿಗೂ ನಡುವೆ ಎಷ್ಟು ಅಂತರ? ಹದಿನಾಲ್ಕು ತಿಂಗಳು. ನನ್ನ ಮೆಷಿನ್ ಪ್ಲಾಸ್ಟಿಕ್ ಹೊದ್ದು ಕೂತಷ್ಟೇ!

ಆಗ ರಕ್ಷಣಾ ಮಂತ್ರಿ ಯಾರಿದ್ದರು ನೆನಪಿದೆಯೇ? ನಿರ್ಮಲಾ ಸೀತಾರಾಮನ್. ಯಾವ ರಾಜ್ಯದಿಂದ ರಾಜ್ಯಸಭೆಗೆ ಹೋದವರು? ಕರ್ನಾಟಕದಿಂದ, 2016ರಲ್ಲಿ. ‘ಕಾರವಾರ’ ಹೆಸರಿನ ಹಡಗಿನ ಜಾಗಕ್ಕೆ ಬರಬೇಕಾದ ಹಡಗಿನ ಟೆಂಡರ್ ಕರ್ನಾಟಕದ ಪ್ರತಿನಿಧಿಯ ಕಾಲದಲ್ಲೇ ಕಸದ ಬುಟ್ಟಿಗೆ ಬಿತ್ತು. ಇದನ್ನು ಹೇಳಿದರೆ ಕೆಲವರಿಗೆ ನಾನು ವಿರೋಧ ಪಕ್ಷದವನಂತೆ ಕಾಣುತ್ತೇನೆ. ತಾಳಿ. 2008ರಿಂದ 2014ರವರೆಗೆ ಫೈಲಿನ ಮೇಲೆ ಮಲಗಿದ್ದವರು ಯಾರ ಸರಕಾರದವರು? ಇಬ್ಬರಿಗೂ ಪಾಲಿದೆ.

ಯಂತ್ರ ಬೇಡವೇ?

“ಹಾಗಾದರೆ ಆಧುನೀಕರಣವೇ ಬೇಡ ಅಂತೀರಾ?” ಎಂದು ಕೇಳುವವರಿದ್ದಾರೆ. ನಾನು ಯಂತ್ರದ ಅನ್ನ ತಿನ್ನುವವನು, ಬೇಡ ಅನ್ನುತ್ತೇನೆಯೇ? ಬೇಕೇ ಬೇಕು. ಹೇಗೆ ಬೇಕು ಅನ್ನುವುದೇ ಪ್ರಶ್ನೆ.

ಹಿಂದೆ ಹಡಗು ಕಟ್ಟುತ್ತಿದ್ದ ರೀತಿ ನಮ್ಮ ಅಪ್ಪ ಮೊಳೆ ಜೋಡಿಸುತ್ತಿದ್ದ ರೀತಿಯೇ. ಒಂದೊಂದೇ ಅಕ್ಷರ ಕೇಸಿನಿಂದ ಹೆಕ್ಕಿ, ಸ್ಟಿಕ್ಕಿನಲ್ಲಿ ಕೂರಿಸಿ, ಸಾಲು ಮಾಡಿ, ಪುಟ ಕಟ್ಟುವುದು. ಹಡಗಿನಲ್ಲೂ ಬಯಲಲ್ಲಿ ಒಂದೊಂದೇ ಉಕ್ಕಿನ ತಗಡು ನಿಲ್ಲಿಸಿ ಬೆಸೆದು, ಬರೀ ಡೊಳ್ಳು ಹೊಟ್ಟೆಯನ್ನು ನೀರಿಗೆ ಇಳಿಸಿ, ಆಮೇಲೆ ಅದರೊಳಗೆ ಕೆಲಸಗಾರರು ತೆವಳಿಕೊಂಡು ಹೋಗಿ ಪೈಪು, ಕೇಬಲ್ಲು ಎಳೆಯುತ್ತಿದ್ದರು. ಕತ್ತಲು, ಸೆಕೆ, ಮಲಗಿಕೊಂಡೇ ವೆಲ್ಡಿಂಗ್. ಮಳೆ ಬಂದರೆ ಹೊರಗಿನ ಕೆಲಸ ಬಂದ್.

ಈಗ ಹಾಗಲ್ಲ. ಹಡಗನ್ನು ದೊಡ್ಡ ದೊಡ್ಡ ತುಂಡುಗಳಾಗಿ ಸೂರಿನ ಕೆಳಗೆ ಕಟ್ಟುತ್ತಾರೆ. ಪ್ರತಿ ತುಂಡಿನೊಳಗೂ ಪೈಪು, ಕೇಬಲ್ ತಟ್ಟೆ, ಬಣ್ಣ ಆದಷ್ಟೂ ಮೊದಲೇ ಮುಗಿದಿರುತ್ತದೆ. ಆಮೇಲೆ ಭಾರೀ ಕ್ರೇನಿನಿಂದ ಎತ್ತಿ ಒಂದಕ್ಕೊಂದು ಜೋಡಿಸುವುದು. ಪೂರಾ ಪುಟವನ್ನು ಒಂದೇ ಪ್ಲೇಟಿನಲ್ಲಿ ಇಳಿಸಿದ ಹಾಗೆ. ಅದಕ್ಕೇ ಮಜಗಾಂವ್ ಡಾಕ್‌ನಲ್ಲಿ 300 ಟನ್ ಎತ್ತುವ ಗೋಲಿಯತ್ ಕ್ರೇನ್ ನಿಂತದ್ದು, ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ 250 ಟನ್ನಿನದು. ಕೊಚ್ಚಿಯಲ್ಲಿ 310 ಮೀಟರ್ ಉದ್ದದ ಹೊಸ ಡ್ರೈ ಡಾಕ್ ಆಗಿದೆ, 600 ಟನ್ ಎತ್ತುವ ಕ್ರೇನ್ ಸಮೇತ. 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಫಲ ಸಿಕ್ಕಿತೇ? ಮುಂಬೈಯಲ್ಲಿ ಸಿಕ್ಕಿತು. ‘ಕೋಲ್ಕತ್ತ’ ಎಂಬ ಡೆಸ್ಟ್ರಾಯರ್‌ಗೆ 2003ರಲ್ಲಿ ಅಡಿಗಟ್ಟು ಹಾಕಿದರು, ಸೇವೆಗೆ ಸೇರಿದ್ದು 2014ರಲ್ಲಿ. ಹನ್ನೊಂದು ವರ್ಷ! ಅದೇ ಕಟ್ಟೆಯ ‘ಸೂರತ್’ಗೆ 2019ರಲ್ಲಿ ಅಡಿಗಟ್ಟು, 2025ರ ಜನವರಿ 15ಕ್ಕೆ ಸೇವೆಗೆ. ಐದು ವರ್ಷದ ಮೇಲೆ ಎರಡೇ ತಿಂಗಳು.

ಆದರೆ ಇದೆಲ್ಲ ಕ್ರೇನಿನ ಪುಣ್ಯ ಎಂದು ಮಂತ್ರಿಗಳು ಭಾಷಣ ಬಿಗಿದರೆ ಚಪ್ಪಾಳೆ ತಟ್ಟಬೇಡಿ. ‘ಕೋಲ್ಕತ್ತ’ ತಡವಾದದ್ದು ಕ್ರೇನ್ ಇಲ್ಲದ್ದಕ್ಕೆ ಮಾತ್ರವಲ್ಲ. ರಷ್ಯಾದಿಂದ ಉಕ್ಕು ತಡವಾಗಿ ಬಂತು, ಆಯುಧ ತಡವಾಯಿತು, ಕಟ್ಟುತ್ತಿದ್ದ ಹಾಗೇ ವಿನ್ಯಾಸ ಬದಲಾಯಿತು. ‘ಸೂರತ್’ ತನ್ನ ಸರಣಿಯ ನಾಲ್ಕನೆಯ ಹಡಗು. ಅಷ್ಟರಲ್ಲಿ ಅದೇ ಕೈಗಳು ಅದೇ ಕೆಲಸವನ್ನು ಮೂರು ಸಲ ಮಾಡಿದ್ದವು. ನಮ್ಮಲ್ಲೂ ಹಾಗೇ: ಮೊದಲ ನೂರು ಹಾಳೆ ಬಣ್ಣ ಕೂರಿಸುವುದರಲ್ಲೇ ಕಸವಾಗುತ್ತವೆ, ಆಮೇಲೆ ಸಾವಿರ ಸಾವಿರ ಸರಾಗ. ನೂರು ಹಾಳೆ ಹೊಡೆದು ಮೆಷಿನ್ ನಿಲ್ಲಿಸಿ, ಮೂರು ವರ್ಷ ಬಿಟ್ಟು ಮತ್ತೆ ನೂರು ಹೊಡೆದರೆ? ಬರೀ ಕಸವೇ!

ಉಕ್ಕಿನ ಮಾತು ಬಂತಲ್ಲ, ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ವಿಮಾನವಾಹಕ ‘ವಿಕ್ರಾಂತ್’ ಕಟ್ಟುವಾಗಲೂ ರಷ್ಯಾದ ಉಕ್ಕಿಗೆ ಕಾದು ಸಾಕಾಗಿ, ನಮ್ಮ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯದವರೂ ಸೈಲ್‌ನವರೂ ಸೇರಿ ಇಲ್ಲೇ ಆ ದರ್ಜೆಯ ಉಕ್ಕು ಮಾಡಿದರು. 2022ರ ಸೆಪ್ಟೆಂಬರ್‌ನಲ್ಲಿ ಅದು ಸೇವೆಗೆ ಬಂತು. ಕೈಗೆ ಕೆಲಸ ಕೊಟ್ಟರೆ ಈ ದೇಶದವರು ಮಾಡುತ್ತಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮೈನ್‌ಸ್ವೀಪರಿನ ವಿಷಯ ಇನ್ನೂ ನಾಜೂಕು. ನೀರೊಳಗಿನ ಬಾಂಬುಗಳಲ್ಲಿ ಕೆಲವು ತಾಗಿದರೆ ಸಿಡಿಯುತ್ತವೆ, ಕೆಲವು ಎಂಜಿನ್ ಸದ್ದು ಕೇಳಿಯೇ ಸಿಡಿಯುತ್ತವೆ, ಕೆಲವು ಉಕ್ಕಿನ ಅಯಸ್ಕಾಂತ ಗುಣ ಹಿಡಿದು ಸಿಡಿಯುತ್ತವೆ. ಆದ್ದರಿಂದ ಗೋವಾದಲ್ಲಿ ಕಟ್ಟಬೇಕಿದ್ದ ಹಡಗಿನ ಮೈ ಉಕ್ಕಿನದಲ್ಲ, ಗಾಜಿನ ನಾರಿನದು. ಗಾಜಿನ ನಾರಿನ ಬಟ್ಟೆಗೆ ರಾಳ ಉಣಿಸಿ ಪದರದ ಮೇಲೆ ಪದರ ಹಾಕಿ ಇಡೀ ಹಡಗಿನ ಒಡಲು ಮಾಡಬೇಕು. ಶಾಖ, ತೇವ ಎರಡೂ ಹದದಲ್ಲಿರಬೇಕು. ಮಳೆಗಾಲದಲ್ಲಿ ಕಾಗದ ನೀರು ಕುಡಿದು ಹಿಗ್ಗಿ, ನಾಲ್ಕು ಬಣ್ಣ ಒಂದರ ಮೇಲೊಂದು ಕೂರದೆ ನಾನು ಪಡುವ ಪಾಡು ನನಗೆ ಗೊತ್ತು. ಹಡಗಿನ ಮೈಯಲ್ಲಿ ಹಾಗಾದರೆ? ಹಾಗಾಗಿ ಇದಕ್ಕೆ ಬೇರೆಯೇ ಶೆಡ್ಡು, ಬೇರೆಯೇ ಅಚ್ಚು, ಬೇರೆಯೇ ತರಬೇತಿ ಬೇಕು. ಇಂಥ ಶೆಡ್ಡನ್ನು ನಾಳೆ ಇನ್ನೊಂದು ಹಡಗಿಗೆ ಬಳಸಿಕೊಂಡರಾಯಿತು ಎಂದು ಹಗುರವಾಗಿ ಹೇಳಲಾಗದು. ಗೋವಾ ಯಾರ್ಡ್‌ಗೆ 2019ರಲ್ಲಿ ಎರಡು ಫ್ರಿಗೇಟ್ ಕಟ್ಟುವ ಕೆಲಸ ಸಿಕ್ಕಿತು, 2024ರಲ್ಲಿ ‘ತ್ರಿಪುಟ’, 2025ರಲ್ಲಿ ‘ತವಸ್ಯ’ ನೀರಿಗಿಳಿದವು, ಸಂತೋಷ. ಆದರೆ ಅವು ಉಕ್ಕಿನ ಹಡಗು. ಬಾಂಬು ಗುಡಿಸುವ ಕೆಲಸ ಅವುಗಳದ್ದಲ್ಲ.

ನಮಗೇನು ಸಂಬಂಧ?

ಈಗ ಬಂದೆ ನಿಮ್ಮ ಪ್ರಶ್ನೆಗೆ. ಕನ್ನಡದ ಪತ್ರಿಕೆಯಲ್ಲಿ ಇದೇಕೆ?

ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ತುಂಬಿಡುವ ಗುಹೆಗಳನ್ನು ಮಾಡಿದ್ದಾರೆ. ಮಂಗಳೂರಿನಲ್ಲಿ ಇನ್ನೂ 15 ಲಕ್ಷ ಟನ್ನಿನದು. ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೂ ತೈಲ ಬರುವುದು ಕಡಲಿನಿಂದಲೇ. ನಿಮ್ಮ ಬೈಕಿನ ಪೆಟ್ರೋಲು, ಮನೆಯ ಗ್ಯಾಸು ಬಹುಪಾಲು ಆ ದಾರಿಯದು. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಗೋವಾದ ಮುರ್ಮುಗಾವ್ ಬಂದರಿನಲ್ಲಿ ಇಳಿದು, ಲೋಂಡಾ, ನಮ್ಮ ಹುಬ್ಬಳ್ಳಿ ಮೇಲೆ ರೈಲಿನಲ್ಲಿ ಹೋಗುತ್ತದೆ. ಆ ಗೂಡ್ಸ್ ಗಾಡಿಗಳನ್ನು ಗೇಟಿನಲ್ಲಿ ಬೈಕು ನಿಲ್ಲಿಸಿಕೊಂಡು ಎಣಿಸಿದವರು ನಾವು. ಈ ಬಂದರುಗಳ ಬಾಯಲ್ಲಿ ಯಾರೋ ನಾಲ್ಕು ಬಾಂಬು ಬಿಟ್ಟು ಹೋದರೆ ಸಾಕು. ಸಿಡಿಯಲೇಬೇಕೆಂದಿಲ್ಲ, ಬಿಟ್ಟಿದ್ದಾರೆ ಎಂಬ ಸುದ್ದಿ ಹಬ್ಬಿದರೂ ಸಾಕು! ಗುಡಿಸಿ ಮುಗಿಯುವವರೆಗೆ ಯಾವ ಹಡಗಿನ ಕ್ಯಾಪ್ಟನ್ ಒಳಗೆ ಬರುತ್ತಾನೆ? ಗುಡಿಸುವ ಹಡಗು ಎಲ್ಲಿದೆ?

ಇದೇನು ಕಟ್ಟುಕಥೆಯಲ್ಲ. 1988ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ‘ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್’ ಎಂಬ ಯುದ್ಧನೌಕೆ ಹಳೇ ಮಾದರಿಯ ಒಂದು ಮೈನಿಗೆ ತಾಗಿತು. ಬಾಂಬಿನ ಬೆಲೆ ಸುಮಾರು 1,500 ಡಾಲರ್ ಎಂದು ಲೆಕ್ಕ ಹಾಕಿದರು. ಹಡಗಿನ ರಿಪೇರಿಗೆ ತಗಲಿದ್ದು ಸುಮಾರು 9 ಕೋಟಿ ಡಾಲರ್! 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಇನ್ನೂ ಎರಡು ನೌಕೆಗಳು ಒಂದೇ ದಿನ ಮೈನಿಗೆ ಸಿಕ್ಕಿ ಪೆಟ್ಟು ತಿಂದವು. ಅಮೆರಿಕದ ಗತಿಯೇ ಹೀಗಾದರೆ ನಮ್ಮದೇನು?

ಇನ್ನು ಕಾರವಾರ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ಯೋಜನೆಗೆ ಶಿಲಾನ್ಯಾಸ ಮಾಡಿದರು. ಹಡಗು ‘ಕಾರವಾರ’ ಸೇವೆಗೆ ಸೇರಿದ್ದೂ ಅದೇ ವರ್ಷ, ನೋಡಿ. ಸೀಬರ್ಡ್‌ಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಮೀನು ಒಣಗಿಸುವ ಜಾಗ ಬಿಟ್ಟು ಎದ್ದರು. ಪರಿಹಾರಕ್ಕೆ ಕೋರ್ಟು ಕಚೇರಿ ಅಲೆದು ಒಂದು ತಲೆಮಾರು ಮುದಿಯಾಯಿತು. 2005ರಲ್ಲಿ ಅಲ್ಲಿ ಐಎನ್‌ಎಸ್ ಕದಂಬ ನೆಲೆ ಶುರುವಾಯಿತು. 10,000 ಟನ್ನಿನ ಹಡಗನ್ನು ನೀರಿನಿಂದ ಎತ್ತಿ ನೆಲಕ್ಕೆ ತರುವ ಶಿಪ್‌ಲಿಫ್ಟ್ ಅಲ್ಲಿದೆ. ‘ವಿಕ್ರಾಂತ್’ ಕೂಡ ನಿಲ್ಲಬಲ್ಲ ಕಟ್ಟೆಗಳನ್ನು ಕಟ್ಟಿಸಿದ್ದಾರೆ. ಅಂದರೆ, ನಮ್ಮ ಜನ ನೆಲ ಬಿಟ್ಟುಕೊಟ್ಟು ಕಟ್ಟಿಸಿದ ನೆಲೆಯ ಬಾಗಿಲಲ್ಲೇ ಶತ್ರು ಒಂದು ಹಿಡಿ ಬಾಂಬು ಹರಡಿದರೆ, ಒಳಗಿನ ಸಾವಿರಾರು ಕೋಟಿಯ ಹಡಗುಗಳು ಹೊರಗೆ ಬರಲಾರವು. ಕಾರವಾರದವರು ಊರು ಬಿಟ್ಟದ್ದು ಹಡಗುಗಳನ್ನು ಒಳಗೆ ಕೂಡಿಹಾಕುವುದಕ್ಕೇ?

ಇನ್ನೊಂದು ಸಂಗತಿ ನಿಮಗೆ ಹೆಮ್ಮೆಯಾಗಲಿ ಎಂದು ಹೇಳುತ್ತೇನೆ. ಹಡಗಿನ ಮೈ ಮುಂಬೈ, ಕೊಚ್ಚಿ, ಗೋವಾದ್ದಾದರೂ ಅದರ ಕಣ್ಣು ಕಿವಿಗಳಲ್ಲಿ ಬಹಳಷ್ಟು ಬೆಂಗಳೂರಿನವು. ರೇಡಾರ್, ಸೋನಾರ್ ಮಾಡುವ ಬಿಇಎಲ್ ಜಾಲಹಳ್ಳಿಯದು. ‘ವಿಕ್ರಾಂತ್’ ಓಡಿಸುವ ಗ್ಯಾಸ್ ಟರ್ಬೈನ್ ಅಮೆರಿಕದ ವಿನ್ಯಾಸದ್ದು, ಅದನ್ನು ನೋಡಿಕೊಳ್ಳುವುದು ಬೆಂಗಳೂರಿನ ಎಚ್‌ಎಎಲ್. ಹಡಗು ಕಟ್ಟೆಯಲ್ಲಿ ಒಂದು ಆರ್ಡರ್ ನಿಂತರೆ ಜಾಲಹಳ್ಳಿಯ ಬೆಂಚಿನ ಮೇಲೂ ಕೆಲಸ ನಿಲ್ಲುತ್ತದೆ, ಪೀಣ್ಯದ ಸಣ್ಣ ವರ್ಕ್‌ಶಾಪಿನವನ ಲೇಥೂ ಖಾಲಿ ಕೂರುತ್ತದೆ.

ಐಟಿಐ ಓದುತ್ತಿರುವ ಹುಡುಗರು ಇದನ್ನು ಗಮನವಿಟ್ಟು ಓದಿ. ಕರಾವಳಿಯ ಒಂದು ಯಾರ್ಡಿನಲ್ಲಿ ಗುತ್ತಿಗೆದಾರನ ಕೈಕೆಳಗೆ ವೆಲ್ಡಿಂಗ್ ಮಾಡುವ ನನ್ನ ಸೋದರಮಾವನ ಮಗ ದೀಪಾವಳಿಗೆ ಬಂದಾಗ ಹೇಳುತ್ತಿದ್ದ: “ಅಣ್ಣಾ, ಯುದ್ಧನೌಕೆ ವೆಲ್ಡಿಂಗ್ ಅಂದ್ರ ಗೇಟಿನ ಗ್ರಿಲ್ ಅಲ್ಲ. ಬೆಸುಗೆಗೆ ಎಕ್ಸ್‌ರೇ ತೆಗಿತಾರ. ಒಂದು ಗುಳ್ಳಿ ಕಂಡ್ರ ಕೆತ್ತಿ ಮತ್ತ ಮಾಡಬೇಕು.” ಅಂಥ ಕೈ ಪಳಗಲು ವರ್ಷಗಳು ಬೇಕು. ಯಾರ್ಡಿನಲ್ಲಿ ಕೆಲಸ ಬತ್ತಿದರೆ ಮೊದಲು ಹೊರಬೀಳುವವನು ಈ ಗುತ್ತಿಗೆಯವನೇ. ಅವನು ದುಬೈ ವಿಮಾನ ಹತ್ತುತ್ತಾನೆ. ಐದು ವರ್ಷ ಬಿಟ್ಟು ಆರ್ಡರ್ ಬಂದಾಗ, “ಕುಶಲ ಕಾರ್ಮಿಕರ ಕೊರತೆ” ಎಂದು ವರದಿ ಬರೆಯುತ್ತಾರೆ! ಕ್ರೇನಿಗೆ ತುಕ್ಕು ಹಿಡಿದರೆ ಆಡಿಟರ್ ಬರೆಯುತ್ತಾನೆ. ಕೈಗೆ ತುಕ್ಕು ಹಿಡಿದದ್ದನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

ಕಾರಣ ಇಷ್ಟೇ. ದಿಲ್ಲಿಯಲ್ಲಿ ಶೆಡ್ಡು ಕಟ್ಟುವುದು ಸುಲಭ, ಸಹಿ ಹಾಕುವುದು ಕಷ್ಟ. ಶೆಡ್ಡಿಗೆ ಫಲಕ ಇರುತ್ತದೆ, ಫಲಕದ ಮೇಲೆ ಹೆಸರಿರುತ್ತದೆ, ಫೋಟೋ ಬರುತ್ತದೆ. ಕರಾರಿಗೆ ಸಹಿ ಹಾಕಿದವನ ಹಿಂದೆ ತನಿಖೆ ಬರಬಹುದು, ಪ್ರಶ್ನೆ ಬರಬಹುದು. ಆದ್ದರಿಂದ ಪ್ರತಿಯೊಬ್ಬ ಅಧಿಕಾರಿಯೂ ತನ್ನ ವರ್ಗವಾಗುವವರೆಗೆ ಫೈಲಿನ ಮೇಲೆ ಒಂದು ಹೊಸ ಪ್ರಶ್ನೆ ಬರೆದು ಪಕ್ಕದ ಮೇಜಿಗೆ ತಳ್ಳುತ್ತಾನೆ. ಲಂಚಕೋರರನ್ನು ಹಿಡಿಯಬೇಡಿ ಅನ್ನುತ್ತಿಲ್ಲ. ಹಿಡಿಯಿರಿ, ಒಳಗೆ ಹಾಕಿ. ಆದರೆ ಕಳ್ಳ ಅಂಗಡಿಗೆ ಬಂದನೆಂದು ಹತ್ತು ವರ್ಷ ಅಂಗಡಿಯನ್ನೇ ಮುಚ್ಚುವ ವ್ಯಾಪಾರಿ ಇದ್ದಾನೆಯೇ?

2025ರ ಜುಲೈನಲ್ಲಿ ರಕ್ಷಣಾ ಖರೀದಿ ಮಂಡಳಿ ಮತ್ತೆ ಈ ಹಡಗುಗಳಿಗೆ ಒಪ್ಪಿಗೆ ಕೊಟ್ಟಿದೆ. ಒಂದು ಲಕ್ಷ ಕೋಟಿ ಮೀರಿದ ಹತ್ತು ಪ್ರಸ್ತಾವಗಳಲ್ಲಿ ಇದೂ ಒಂದು. ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬಂತು. ನೀವು ಮೋಸಹೋಗಬೇಡಿ. ಒಪ್ಪಿಗೆ ಅಂದರೆ ‘ಅಗತ್ಯವಿದೆ’ ಎಂದು ಒಪ್ಪಿದ್ದು, ಅಷ್ಟೇ. ಅದರ ಮೇಲೆ ಟೆಂಡರ್, ಅದರ ಮೇಲೆ ಪರೀಕ್ಷೆ, ಬೆಲೆಯ ಮಾತು, ಸಂಪುಟ, ಆಮೇಲೆ ಕರಾರು. ಅಗತ್ಯವಿದೆ ಎಂದು 2008ರಲ್ಲೂ ಒಪ್ಪಿದ್ದರು! ಇನ್ನು ಕೆಲವರು, ಚಾಲಕರಿಲ್ಲದ ಪುಟ್ಟ ಜಲವಾಹನಗಳು ಬಂದಿವೆ, ದೊಡ್ಡ ಹಡಗೇಕೆ ಎನ್ನುತ್ತಾರೆ. ಆ ಪುಟ್ಟವನ್ನು ಕಡಲಿಗೆ ಒಯ್ದು ಇಳಿಸಿ, ನಡೆಸಿ, ಎತ್ತಿಕೊಳ್ಳಲು ತಾಯಿಹಡಗು ಬೇಡವೇ?

ನಮ್ಮ ಬೇಡಿಕೆ ಕೇಳಿ. ಈ ಹಡಗುಗಳ ಕರಾರು ಯಾವ ದಿನ ಎಂದು ಪಾರ್ಲಿಮೆಂಟಿನಲ್ಲಿ ಹೇಳಬೇಕು. ಹನ್ನೆರಡೂ ಒಂದರ ಹಿಂದೊಂದು ಬರುವಂತೆ ಆರ್ಡರ್ ಕೊಡಬೇಕು, ತುಂಡು ತುಂಡಾಗಿ ಅಲ್ಲ. ಅರ್ಧದಲ್ಲಿ ವಿನ್ಯಾಸ ಬದಲಿಸಬಾರದು. ಇನ್ನು ಮುಂದೆ ಯಾವುದೇ ಹಡಗುಕಟ್ಟೆಗೆ ಹೊಸ ಶೆಡ್ಡಿನ ಹಣ ಕೊಡುವಾಗ, ಅದರಲ್ಲಿ ಕಟ್ಟುವ ಹಡಗಿನ ಕರಾರಿನ ತಾರೀಕೂ ಅದೇ ಕಾಗದದಲ್ಲಿರಬೇಕು. ಬಂದ ಹನ್ನೆರಡರಲ್ಲಿ ಒಂದಕ್ಕೆ ಮತ್ತೆ ‘ಕಾರವಾರ’ ಎಂದೇ ಹೆಸರಿಡಬೇಕು. ಇದರಲ್ಲಿ ರಾಜಿ ಇಲ್ಲ.

ಉತ್ತರ ಕನ್ನಡ, ಉಡುಪಿ ಚಿಕ್ಕಮಗಳೂರು, ದಕ್ಷಿಣ ಕನ್ನಡ. ಮೂರು ಲೋಕಸಭಾ ಕ್ಷೇತ್ರ, ಮೂವರು ಸಂಸದರು. ಈ ಮೂವರಿಗೂ, ಕರ್ನಾಟಕದ ರಾಜ್ಯಸಭಾ ಸದಸ್ಯರಿಗೂ ಒಂದೊಂದು ಕಾರ್ಡು ಹಾಕೋಣ. ಕಾರ್ಡಿಗೆ ಐವತ್ತು ಪೈಸೆ, ಒಂದು ಚಹದ ದುಡ್ಡಿನಲ್ಲಿ ಇಪ್ಪತ್ತು ಕಾರ್ಡು. ಬರೆಯಬೇಕಾದದ್ದು ಎರಡೇ ಸಾಲು, ಕನ್ನಡದಲ್ಲಿ: “ಮಾನ್ಯರೇ, ಐಎನ್‌ಎಸ್ ಕಾರವಾರ 2017ರಲ್ಲಿ ನಿವೃತ್ತಿಯಾಯಿತು. ಅದರ ಜಾಗಕ್ಕೆ ಬರುವ ಹಡಗಿನ ಕರಾರಿಗೆ ಯಾವ ತಾರೀಕಿನಂದು ಸಹಿ ಬೀಳುತ್ತದೆ ಎಂದು ಸದನದಲ್ಲಿ ಕೇಳಿ ನಮಗೆ ತಿಳಿಸಿ.” ಕೆಳಗೆ ನಿಮ್ಮ ಹೆಸರು, ಊರು. ಅಂಚೆ ಕಚೇರಿಯಲ್ಲಿ ಕಾರ್ಡು ಸಿಗಲಿಲ್ಲವೆಂದರೆ ನಮ್ಮ ಪ್ರೆಸ್ಸಿಗೆ ಬನ್ನಿ, ಐನೂರು ತಂದಿಟ್ಟಿದ್ದೇನೆ. ಪೆನ್ನು ನೀವೇ ತನ್ನಿ.